ಕತ್ತಿಯ ಕೆಳಗೆ ಹೇಳಿದ ಕಥೆ

ಪ್ರೇಮ, ಅರಮನೆಯ ಸಂಚು, ಊರಿಗೆ ಊರೇ ನಡುಗುವಂಥ ಭಯ, ಇವೆಲ್ಲದರ ಬೆನ್ನಿಗೆ ಜನ್ಮಾಂತರದ ಲೆಕ್ಕ. ಈ ನಾಲ್ಕೂ ಕೂಡಿದ ಕಥೆ ಎಂದರೆ ಇವತ್ತು ಯಾರಿಗಾದರೂ ಮೊದಲು ನೆನಪಾಗುವುದು ಸಿನಿಮಾ. 1958ರ ‘ಮಧುಮತಿ’ಯಲ್ಲಿ ಕಳೆದುಕೊಂಡ ನಲ್ಲೆಯನ್ನು ಮರುಜನ್ಮದಲ್ಲಿ ಪಡೆಯುವ ನಾಯಕನಿದ್ದಾನೆ. 1980ರ ‘ಕರ್ಜ್’ನಲ್ಲಿ ಹಿಂದಿನ ಜನ್ಮದ ಕೊಲೆಗೆ ಈ ಜನ್ಮದಲ್ಲಿ ಲೆಕ್ಕ ಕೇಳುವವನಿದ್ದಾನೆ. ಕನ್ನಡದಲ್ಲಿ ಈ ಕಸುಬು ಇವೆರಡಕ್ಕಿಂತ ಏಳು ಶತಮಾನಕ್ಕೂ ಮಿಕ್ಕಿ ಹಳೆಯದು. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ, 1230ರಲ್ಲಿ ‘ಅನಂತನಾಥ ಪುರಾಣ’ ಮುಗಿಸಿದ. ಉಸಿರು ಬಿಗಿಹಿಡಿಸುವ ಕಥೆಯನ್ನು ಹೇಗೆ ಕಟ್ಟಬೇಕು, ಭಯವನ್ನು ಬಣ್ಣಿಸುತ್ತಲೇ ಭಯದ ಬೇರನ್ನು ಹೇಗೆ ಕೀಳಬೇಕು ಎಂಬುದನ್ನು ಕಲಿಯಬೇಕೆಂದರೆ ಈ ಎರಡು ಕಾವ್ಯಗಳಿಗಿಂತ ಒಳ್ಳೆಯ ಗುರು ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ಅವುಗಳ ಒಳಗಟ್ಟನ್ನು ಬಿಚ್ಚಿ ತೋರಿಸುವುದು ಈ ಲೇಖನದ ಕೆಲಸ.

ಇದನ್ನು ನಾನು ಕೊಪ್ಪಳ ಸೀಮೆಯ ಹಿಟ್ನಾಳದ ಕಡೆಯಿಂದ ಹೇಳುವುದಕ್ಕೆ ಕಾರಣವಿದೆ. ಹಿಟ್ನಾಳದಿಂದ ಹೆದ್ದಾರಿ ಹಿಡಿದು ಪಡುವಣಕ್ಕೆ ಹೋದರೆ ಕೊಪ್ಪಳ, ಅಂದರೆ ಹಳೆಯ ಕೊಪಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಹೆಸರಿಸುವ ಊರು ಇದು. ಕೊಪಣ ಜೈನರಿಗೆ ಮಹಾತೀರ್ಥವೂ ಆಗಿತ್ತು. ರನ್ನ 993ರಲ್ಲಿ ‘ಅಜಿತಪುರಾಣ’ ಬರೆದಾಗ ದಾನಚಿಂತಾಮಣಿ ಅತ್ತಿಮಬ್ಬೆಯ ಗುಣದ ಪಾವಿತ್ರ್ಯಕ್ಕೆ ಹೋಲಿಕೆ ಹುಡುಕುತ್ತ ಗಂಗೆಯ ನೀರಿನ ಜೊತೆಗೇ ಕೊಪಣದ ಬೆಟ್ಟವನ್ನೂ ತಂದ. ಅದೇ ಬೆಟ್ಟಗಳ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ‘ವರಾಂಗಚರಿತ’ ಬರೆದ ಜಟಾಸಿಂಹನಂದಿಯ ಪಾದಗಳನ್ನು ಕಲ್ಲಿನಲ್ಲಿ ಮಾಡಿಸಿದ ಶಾಸನವೂ ಇಲ್ಲಿಯದೇ. ಯುದ್ಧ ಮುಗಿಸಿ ಪಶ್ಚಾತ್ತಾಪಪಟ್ಟ ಅರಸನ ಮಾತು, ಕಥೆ ಹೇಳಿದ ಮುನಿಯ ಹೆಜ್ಜೆ, ಎರಡೂ ಒಂದೇ ಗುಡ್ಡದ ಸಾಲಿನಲ್ಲಿವೆ. ಜನ್ನ ಇಲ್ಲಿ ಹುಟ್ಟಿದವನಲ್ಲ. ಆದರೆ ಅವನು ಹಿಡಿದ ಕಥನದ ದಾರಿ ಕೊಪಣದಂಥ ನೆಲೆಗಳಲ್ಲಿ ತಲೆಮಾರುಗಟ್ಟಲೆ ನಡೆದು ಸವೆದ ದಾರಿ.

ಆ ದಾರಿಗೆ ಭವಾವಳಿ ಎಂದು ಹೆಸರು. ಒಂದು ಜೀವ ಒಂದಾದ ಮೇಲೊಂದು ಜನ್ಮ ಎತ್ತುತ್ತ ತನ್ನ ಕರ್ಮದ ಸಾಲ ತೀರಿಸುವ ಕಥೆಗಳ ಸರಣಿ ಅದು. ಪಂಪ 941ರ ‘ಆದಿಪುರಾಣ’ದಲ್ಲಿ ಲಲಿತಾಂಗ ಮತ್ತು ಸ್ವಯಂಪ್ರಭೆ ಎಂಬ ದೇವದಂಪತಿಗಳನ್ನು ವಜ್ರಜಂಘ ಮತ್ತು ಶ್ರೀಮತಿಯರಾಗಿ ಮತ್ತೆ ಹುಟ್ಟಿಸಿದ. ಒಲವು ಒಂದು ಮೈಯಿಂದ ಇನ್ನೊಂದು ಮೈಗೆ ದಾಟುವ ಸೊಗಸನ್ನು ಕನ್ನಡ ಕೇಳಿದ್ದು ಅಲ್ಲಿ. ಜನ್ನ ಈ ಸೊಗಸನ್ನು ತೆಗೆದುಕೊಂಡು ಅದರೊಳಗೆ ರಾಜಕಾರಣವನ್ನೂ ಕೊಲೆಯನ್ನೂ ಇಟ್ಟ. ಅವನಿಗೆ ಆ ಲೋಕ ಹೊರಗಿನದಲ್ಲ. ತಂದೆ ಸುಮನೋಬಾಣ ಕವಿ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಭಾವ, ‘ಶಬ್ದಮಣಿದರ್ಪಣ’ದ ಕೇಶಿರಾಜ ಸೋದರಳಿಯ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ ದಂಡಾಧೀಶನೂ ಆಗಿದ್ದ, ಮಂತ್ರಿಯೂ ಆಗಿದ್ದ. ಅರಮನೆಯಲ್ಲಿ ಆಜ್ಞೆ ಹೇಗೆ ಹೊರಡುತ್ತದೆ, ಯಾರ ಬಾಯಿ ಹೇಗೆ ಮುಚ್ಚುತ್ತದೆ ಎಂಬುದನ್ನು ಬಲ್ಲವನ ಕೈಯಲ್ಲಿ ಪುನರ್ಜನ್ಮದ ಕಥೆಗೆ ಬೇರೆಯೇ ಹರಿತ ಬಂತು.

ಭಯದಿಂದ ಶುರು

‘ಯಶೋಧರ ಚರಿತೆ’ ಯಶೋಧರನಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ರಾಜಪುರ ಎಂಬ ಊರಿನಲ್ಲಿ, ಚಂಡಮಾರಿಯ ಜಾತ್ರೆಯಲ್ಲಿ. ಅರಸ ಮಾರಿದತ್ತ ಪ್ರಾಣಿಗಳ ಜೋಡಿ ಜೋಡಿಯನ್ನೇ ಬಲಿಗೆ ಕೂಡಿಹಾಕಿಸಿದ್ದಾನೆ. ಎಲ್ಲಕ್ಕೂ ಮೇಲೆ ಒಂದು ಮನುಷ್ಯರ ಜೋಡಿ ಬೇಕು. ತಳವಾರ ಬೀದಿಯಲ್ಲಿ ಹುಡುಕಿ, ಭಿಕ್ಷೆಗೆ ಹೊರಟ ಇಬ್ಬರು ಎಳೆಯ ತಪಸ್ವಿಗಳನ್ನು ಹಿಡಿದು ತರುತ್ತಾನೆ. ಅಣ್ಣ ಅಭಯರುಚಿ, ತಂಗಿ ಅಭಯಮತಿ. ದಾರಿಯಲ್ಲಿ ಅಣ್ಣ ತಂಗಿಗೆ ಧೈರ್ಯ ಹೇಳುತ್ತಾನೆ. ಕತ್ತಿ ಹಿರಿದ ಅರಸನ ಮುಂದೆ ನಿಂತು ಅವರು ನಡುಗುವುದಿಲ್ಲ, ಹರಸುತ್ತಾರೆ. ಅರಸನಿಗೆ ಅಚ್ಚರಿ. ನೀವು ಯಾರು, ಯಾಕೆ ಹೀಗೆ ಎಂದು ಕೇಳುತ್ತಾನೆ. ಅಲ್ಲಿಂದ ಹುಡುಗನ ಬಾಯಲ್ಲಿ ಕಥೆ ಹೊರಡುತ್ತದೆ.

ಈ ಕಟ್ಟಡವನ್ನು ಸ್ವಲ್ಪ ನಿಂತು ನೋಡಬೇಕು. ಮುಂದೆ ಬರುವ ಪ್ರೇಮ, ವಂಚನೆ, ವಿಷ, ಸಾವು, ಜನ್ಮಗಳು ಎಲ್ಲವೂ ಈ ಎತ್ತಿದ ಕತ್ತಿಯ ಕೆಳಗೆ ನಡೆಯುತ್ತವೆ. ಕೇಳುವವನಿಗೆ ಎರಡು ಕುತೂಹಲ: ಕಥೆಯೊಳಗೆ ಏನಾಯಿತು, ಕಥೆ ಮುಗಿದ ಮೇಲೆ ಈ ಮಕ್ಕಳಿಗೆ ಏನಾಗುತ್ತದೆ. ಅದಕ್ಕಿಂತ ದೊಡ್ಡದು, ಕಥೆ ಕೇಳುವವನು ಯಾರು ಎಂಬುದು. ಕೊಲ್ಲಲು ನಿಂತವನೇ ಶ್ರೋತೃ. ಭಯೋತ್ಪಾದನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೆದರಿದವರಿಗೆ ಕಥೆ ಹೇಳುತ್ತಾರೆ. ಜನ್ನ ಬೆದರಿಸುವವನ ಮುಂದೆಯೇ ಕಥೆಯನ್ನು ಇಟ್ಟ. ಹುಡುಗ ಪ್ರಾಣಭಿಕ್ಷೆ ಕೇಳುವುದಿಲ್ಲ, ವಾದ ಹೂಡುವುದಿಲ್ಲ, ಶಾಪ ಹಾಕುವುದಿಲ್ಲ. ತನಗೆ ಆದದ್ದನ್ನು ಹೇಳುತ್ತಾನೆ, ಅಷ್ಟೇ.

ಕಂದದ ನಡಿಗೆ

ಮುನ್ನೂರಕ್ಕೆ ಸ್ವಲ್ಪ ಮಿಕ್ಕ ಪದ್ಯಗಳ, ನಾಲ್ಕು ಅವತಾರಗಳ ಈ ಕಾವ್ಯ ಹೆಚ್ಚುಕಡಿಮೆ ಪೂರ್ತಿ ಕಂದದಲ್ಲಿದೆ. ಆ ಕಾಲದ ದೊಡ್ಡ ಕವಿಗಳಲ್ಲಿ ಹಲವರು ಚಂಪುವಿನಲ್ಲಿ ಬರೆಯುತ್ತಿದ್ದರು, ಉದ್ದುದ್ದ ವೃತ್ತಗಳ ನಡುವೆ ಗದ್ಯ ಹರಿಸುತ್ತಿದ್ದರು. ಜನ್ನ ಈ ಕಥೆಗೆ ಅದನ್ನು ಒಲ್ಲೆ ಎಂದ. ಕಂದದ ಲೆಕ್ಕ ಸರಳ. ನಾಲ್ಕು ಮಾತ್ರೆಯ ಗಣಗಳು. ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ ಮೂರು, ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಐದು. ಅಂದರೆ 12 ಮಾತ್ರೆ, 20 ಮಾತ್ರೆ, ಮತ್ತೆ 12, ಮತ್ತೆ 20. ಗಿಡ್ಡ ಸಾಲು ಒಂದು ಸಂಗತಿಯನ್ನು ಎತ್ತಿ ನಿಲ್ಲಿಸುತ್ತದೆ, ಉದ್ದ ಸಾಲು ಅದನ್ನು ಕೊನೆ ಮುಟ್ಟಿಸುತ್ತದೆ. ಪದ್ಯ ಮುಗಿದಾಗ ಒಂದು ಘಟನೆ ಮುಗಿದಿರುತ್ತದೆ, ಇಲ್ಲವೆ ಒಂದು ಮಾತು ಮುಗಿದಿರುತ್ತದೆ. ವರ್ಣನೆಗೆ ಕೂರಲು ಜಾಗವೇ ಇಲ್ಲ. ಕೊರಳ ಮೇಲೆ ಕತ್ತಿ ಇರುವವನು ಹೀಗೆಯೇ ಮಾತಾಡಬೇಕು. ಛಂದಸ್ಸಿನ ಆಯ್ಕೆಯೇ ಇಲ್ಲಿ ಕಥೆಯ ಅವಸರವನ್ನು ಹೊತ್ತಿದೆ.

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆ ಮಾಡುವಾಗ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಿಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಬೆಸುಗೆಯ ಮೇಲೆ ಬಳಿಯುತ್ತಾರೆ. ಬಣ್ಣ ಕೊಟ್ಟ ಮೇಲೆ ಬೆಸುಗೆ ಎಲ್ಲಿತ್ತೆಂದು ಹುಡುಕಿದರೂ ಸಿಕ್ಕದು. ಜನ್ನನ ಕಂದಗಳ ಜೋಡಣೆ ಹಾಗಿದೆ. ಪ್ರೇಮದ ಕಥೆ ಎಲ್ಲಿ ಮುಗಿದು ಕೊಲೆಯ ಕಥೆ ಎಲ್ಲಿ ಶುರುವಾಯಿತು, ಕೊಲೆ ಎಲ್ಲಿ ಮುಗಿದು ಜನ್ಮಾಂತರ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಕತ್ತಲೆಯಲ್ಲಿ ಕೇಳಿದ ಹಾಡು

ಅಭಯರುಚಿ ಹೇಳುವ ಕಥೆ ಉಜ್ಜಯಿನಿಯದು. ಅರಸ ಯಶೋಧರ, ರಾಣಿ ಅಮೃತಮತಿ, ಅರಸನ ತಾಯಿ ಚಂದ್ರಮತಿ. ಗಂಡಹೆಂಡಿರು ಒಬ್ಬರನ್ನೊಬ್ಬರು ಬಿಟ್ಟಿರದಂಥವರು. ಒಂದು ರಾತ್ರಿಯ ಕೊನೆಯ ಜಾವದಲ್ಲಿ ಆನೆಯ ಲಾಯದ ಕಡೆಯಿಂದ ಒಂದು ಹಾಡು ಕೇಳಿಬರುತ್ತದೆ. ಅಮೃತಮತಿಗೆ ಎಚ್ಚರವಾಗುತ್ತದೆ, ಆ ದನಿಗೆ ಮನಸ್ಸು ಹೋಗುತ್ತದೆ. ಯಾರೆಂದು ನೋಡಿ ಬರಲು ಗೆಳತಿಯನ್ನು ಕಳಿಸುತ್ತಾಳೆ. ಗೆಳತಿ ನೋಡಿ ಬಂದು ಹೇಳುವುದು ಮಾವುತ ಅಷ್ಟಾವಂಕನ ವಿಕಾರವಾದ ಮೈಕಟ್ಟಿನ ವರ್ಣನೆ. ರಾಣಿಗೆ ಅದು ತಾಗುವುದೇ ಇಲ್ಲ. ಮನಸ್ಸು ಒಲಿದವನೇ ಚೆಲುವ ಎಂಬ ಅರ್ಥದ ಉತ್ತರ ಅವಳದು.

ಪ್ರೇಮದ ಕಥೆಗಳು ನೋಟದಿಂದ ಶುರುವಾಗುವುದು ರೂಢಿ. ಜನ್ನ ಕಣ್ಣನ್ನು ಮುಚ್ಚಿಸಿ ಕಿವಿಯಿಂದ ಶುರುಮಾಡಿದ. ಕಣ್ಣಿನ ಸಾಕ್ಷಿ ಬಂದದ್ದು ಆಮೇಲೆ, ಅದೂ ಇನ್ನೊಬ್ಬಳ ಬಾಯಿಂದ. ಹೀಗಾಗಿ ಅಮೃತಮತಿಯ ಒಲವನ್ನು ಬರಿಯ ಚಪಲ ಎಂದು ತಳ್ಳಿಹಾಕಲು ಓದುಗನಿಗೆ ಆಗುವುದಿಲ್ಲ. ಅವಳನ್ನು ಸೆಳೆದದ್ದು ರೂಪವಲ್ಲ, ಅಧಿಕಾರವಲ್ಲ, ಸಿರಿಯಲ್ಲ. ಮುಂದೆ ವಿಷವಿಕ್ಕುವವಳ ಬಗ್ಗೆ ಕೂಡ ಇಷ್ಟು ತಾಳ್ಮೆಯಿಂದ ಬರೆಯಬಲ್ಲ ಕವಿ ಓದುಗನಿಂದಲೂ ಅದೇ ತಾಳ್ಮೆಯನ್ನು ಕೇಳುತ್ತಾನೆ. ಧರ್ಮವನ್ನು ಬೋಧಿಸಲು ಹೊರಟ ಕಾವ್ಯದಲ್ಲಿ ಧರ್ಮ ಮೀರಿದವಳ ಮನಸ್ಸಿಗೆ ಇಂಥ ಜಾಗ ಸಿಕ್ಕಿರುವುದರಿಂದಲೇ ಅಮೃತಮತಿ ಎಂಟು ನೂರು ವರ್ಷ ಕಳೆದರೂ ಚರ್ಚೆಯಿಂದ ಇಳಿದಿಲ್ಲ.

ಒಂದು ರಾತ್ರಿ ಯಶೋಧರ ನಿದ್ದೆ ಬಂದವನಂತೆ ಮಲಗಿ, ರಾಣಿ ಎದ್ದು ಹೋದಾಗ ಕತ್ತಿ ಹಿಡಿದು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುವುದು, ಅವಳು ಅದನ್ನು ಸಹಿಸಿ ಬೇಡಿಕೊಳ್ಳುವುದು ಅವನ ಕಣ್ಣಿಗೆ ಬೀಳುತ್ತದೆ. ಕತ್ತಿ ಮೇಲೇಳುತ್ತದೆ, ಆದರೆ ಇಳಿಯುವುದಿಲ್ಲ. ವೈರಿ ಅರಸರ ಮೇಲೆ ಆಡಿದ ಕತ್ತಿಯನ್ನು ಇವರ ಮೇಲೆ ಆಡಿಸುವುದೇ ಎಂದು ತಡೆದುಕೊಳ್ಳುತ್ತಾನೆ. ಮರುದಿನ ಸರಸದ ನೆವದಲ್ಲಿ ಅವಳನ್ನು ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಬಂದವಳಂತೆ ಬೀಳುತ್ತಾಳೆ. ಇರುಳಿನ ಪೆಟ್ಟುಗಳನ್ನೆಲ್ಲ ತಾಳಿಕೊಂಡ ಮೈ ಹೂವಿನ ಪೆಟ್ಟು ತಾಳಲಿಲ್ಲವೇ ಎಂಬ ಅವನ ನೋವು ಮೇಲೆ ನಗೆಯಾಗಿ ಬರುತ್ತದೆ. ನಾನು ಕಂಡಿದ್ದೇನೆ ಎಂದು ಅವನು ಹೇಳಲಿಲ್ಲ, ಅವಳಿಗೆ ಅದು ತಿಳಿಯದೆ ಉಳಿಯಲೂ ಇಲ್ಲ. ಇಬ್ಬರ ನಡುವೆ ಒಂದು ಹೂವು ಮಾತ್ರ ಆಡಿದೆ. ಅರಮನೆಯ ಒಳಸಂಚು ಹುಟ್ಟುವುದು ಇಂಥ ಬಾಯಿಬಿಡದ ತಿಳಿವಿನಿಂದ ಎಂಬುದನ್ನು ಮಂತ್ರಿಯಾಗಿ ಬಾಳಿದವನಲ್ಲದೆ ಇನ್ನಾರು ಇಷ್ಟು ಚೊಕ್ಕವಾಗಿ ಬರೆದಾರು?

ಹಿಟ್ಟಿನ ಹುಂಜ ಕೂಗಿತು

ಮಗನ ಬಾಡಿದ ಮುಖ ಕಂಡು ತಾಯಿ ಕಾರಣ ಕೇಳುತ್ತಾಳೆ. ಮಗ ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಕನಸಿನ ಕೇಡು ಕಳೆಯಲು ದೇವಿಗೆ ಬಲಿ ಕೊಡು ಎಂದು ತಾಯಿ. ಜೀವ ತೆಗೆಯಲಾರೆ ಎಂದು ಮಗ. ಇಬ್ಬರ ಹಟದ ನಡುವೆ ಒಂದು ರಾಜಿ ಹುಟ್ಟುತ್ತದೆ. ನಿಜವಾದ ಹುಂಜ ಬೇಡ, ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿದರಾಯಿತು. ಬಣ್ಣ ಕೊಟ್ಟ ಹಿಟ್ಟಿನ ಹುಂಜಕ್ಕೆ ಕತ್ತಿ ತಾಗುತ್ತದೆ. ಅದರೊಳಗೆ ಒಂದು ಬೇತಾಳ ಹೊಕ್ಕಿತ್ತು. ಹುಂಜ ಕೂಗಿಬಿಡುತ್ತದೆ.

ಇಡೀ ಕಾವ್ಯ ತಿರುಗುವುದು ಈ ಕೂಗಿನ ಮೇಲೆ. ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಮನಸ್ಸು ಮಾಡಿದ್ದು ನಿಜ. ಹಿಂಸೆ ಕೈಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬ ಕಠಿಣ ಪ್ರಶ್ನೆಯನ್ನು ಜನ್ನ ಒಂದು ಸದ್ದಿನಲ್ಲಿ ಇಟ್ಟ. ಸೋಮದೇವಸೂರಿಯ ‘ಯಶಸ್ತಿಲಕ’ (959), ವಾದಿರಾಜನ ಸಂಸ್ಕೃತ ಕಾವ್ಯಗಳಲ್ಲಿ ಇದೇ ಕಥೆ ಮೊದಲೇ ಇತ್ತು; ಜನ್ನನ ಮುಂದಿದ್ದದ್ದು ವಾದಿರಾಜನದು. ಹಿರಿಯರಿಂದ ಬಂದ ಕಥೆಯಲ್ಲಿ ಏನನ್ನು ಬಿಡಬೇಕು, ಯಾವ ಕ್ಷಣದಲ್ಲಿ ನಿಲ್ಲಬೇಕು ಎಂಬ ತೀರ್ಮಾನದಲ್ಲಿ ಅವನ ಕೈಚಳಕ ಕಾಣುತ್ತದೆ.

ಹಿಟ್ನಾಳದ ಸುತ್ತಿನವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಮಗ್ಗುಲಲ್ಲೇ ಹುಲಿಗೆಮ್ಮನ ಹುಲಿಗಿ ಇದೆ. ಹುಣ್ಣಿಮೆಗೆ, ಮಂಗಳವಾರ ಶುಕ್ರವಾರಗಳಿಗೆ ದೂರದೂರದಿಂದ ಹರಕೆ ಹೊತ್ತವರು ಬರುತ್ತಾರೆ. ಪ್ರಾಣಿಬಲಿಯನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ 1959ರಷ್ಟು ಹಿಂದೆಯೇ ಬಂತು. ಆದರೂ ದೇವಿಗೆ ಏನು ಸಲ್ಲಬೇಕು, ಹರಕೆ ಯಾವುದರಿಂದ ತೀರುತ್ತದೆ ಎಂಬ ಮಾತು ಮನೆಮನೆಗಳಲ್ಲಿ ನಡೆದೇ ಇದೆ. ತಾಯಿಯ ನಂಬಿಕೆಯನ್ನು ನೋಯಿಸದೆ ತನ್ನ ಮನಸ್ಸಾಕ್ಷಿಯನ್ನೂ ಬಿಡದೆ ನಡುದಾರಿ ಹುಡುಕುವ ಮಗ ನಮ್ಮ ನಡುವಿನವನೇ. ಜನ್ನ ಆ ತಾಯಿಯನ್ನು ಕ್ರೂರಿಯಾಗಿ ಮಾಡಲಿಲ್ಲ. ಅವಳದು ಮಗನ ಮೇಲಿನ ಅಕ್ಕರೆ. ಅಕ್ಕರೆಯಿಂದಲೂ ಹಿಂಸೆ ಹುಟ್ಟಬಲ್ಲದು ಎಂಬುದನ್ನು ಅವನು ಅಷ್ಟೇ ಅಕ್ಕರೆಯಿಂದ ಹೇಳಿದ.

ಜಾಗ ಬದಲಾಯಿಸುವ ಜನ್ಮಗಳು

ಯಶೋಧರ ರಾಜ್ಯ ಬಿಟ್ಟು ತಪಸ್ಸಿಗೆ ಹೋಗಲು ಸಿದ್ಧನಾಗುತ್ತಾನೆ. ಅಮೃತಮತಿ ಔತಣಕ್ಕೆ ಕರೆದು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಇಬ್ಬರೂ ಸಾಯುತ್ತಾರೆ, ಮಗ ಯಶೋಮತಿ ಪಟ್ಟಕ್ಕೆ ಬರುತ್ತಾನೆ. ರಾಜಕೀಯ ಕಥೆಗಳು ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತವೆ. ಜನ್ನನ ಕಥೆ ಇಲ್ಲಿ ತನ್ನ ನಿಜವಾದ ಕೆಲಸಕ್ಕೆ ತೊಡಗುತ್ತದೆ.

ತಾಯಿಮಕ್ಕಳು ಮತ್ತೆ ಮತ್ತೆ ಹುಟ್ಟುತ್ತಾರೆ. ಮಗ ನವಿಲು, ತಾಯಿ ನಾಯಿ. ಮುಂದೆ ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ. ನವಿಲಾಗಿ ಅವನು ಬಂದು ಸೇರುವುದು ತನ್ನದೇ ಅರಮನೆಗೆ, ತನ್ನ ಮಗನ ಮುದ್ದಿನ ಪಕ್ಷಿಯಾಗಿ. ಅಲ್ಲಿ ಅಮೃತಮತಿಯನ್ನೂ ಮಾವುತನನ್ನೂ ಕಂಡು ಹಿಂದಿನದು ನೆನಪಾಗಿ ಮೇಲೆ ಬೀಳುತ್ತಾನೆ. ನವಿಲಾದ ಮಗನನ್ನು ನಾಯಿಯಾದ ತಾಯಿಯೇ ಕೊಲ್ಲುತ್ತಾಳೆ. ಮುಂದಿನ ಜನ್ಮಗಳಲ್ಲಿ ಯಶೋಧರ ತನ್ನ ಮಗನ ಅಡುಗೆಮನೆಯನ್ನೇ ಸೇರುತ್ತಾನೆ. ತಂದೆಯ ಹೆಸರಿನಲ್ಲಿ ಮಗ ಮಾಡಿಸುವ ಶ್ರಾದ್ಧದ ಊಟಕ್ಕೆ ಆಡಾದ ತಂದೆಯದೇ ಮಾಂಸ.

ಇಲ್ಲಿ ಕಸುಬಿನ ಒಂದು ದೊಡ್ಡ ಗುಟ್ಟಿದೆ. ಸಾಮಾನ್ಯ ರೋಚಕ ಕಥೆ ಓದುಗನಿಂದ ಸತ್ಯವನ್ನು ಮುಚ್ಚಿಟ್ಟು ಕೊನೆಯಲ್ಲಿ ಬಯಲು ಮಾಡುತ್ತದೆ. ಜನ್ನ ಓದುಗನಿಗೆ ಎಲ್ಲವನ್ನೂ ಮೊದಲೇ ಹೇಳಿ, ಪಾತ್ರಗಳಿಂದ ಮುಚ್ಚಿಟ್ಟ. ಆ ಆಡು ಯಾರೆಂದು ನಮಗೆ ಗೊತ್ತು, ಯಶೋಮತಿಗೆ ಗೊತ್ತಿಲ್ಲ. ಎಲೆಯ ಮುಂದೆ ಕೂತವನನ್ನು ತಡೆಯಲಾರದೆ ನೋಡುವ ಸಂಕಟ ನಮ್ಮ ಪಾಲಿಗೆ ಬರುತ್ತದೆ. ಮುಂದೇನು ಎಂಬ ಕುತೂಹಲ ಒಂದು ಓದಿಗೆ ತೀರಿಹೋಗುತ್ತದೆ. ಈ ಸಂಕಟ ಹತ್ತನೆಯ ಓದಿನಲ್ಲೂ ಹಾಗೇ ಇರುತ್ತದೆ.

ಪುನರ್ಜನ್ಮವನ್ನು ಅವನು ಬಳಸಿದ ರೀತಿಯೂ ಬೇರೆ. ‘ಮಧುಮತಿ’ಯಂಥ ಕಥೆಗಳಲ್ಲಿ ಮರುಜನ್ಮ ಅಗಲಿದವರನ್ನು ಕೂಡಿಸುತ್ತದೆ, ‘ಕರ್ಜ್’ನಂಥ ಕಥೆಗಳಲ್ಲಿ ಸೇಡು ತೀರಿಸುತ್ತದೆ. ಜನ್ನನಲ್ಲಿ ಮರುಜನ್ಮ ಜಾಗ ಬದಲಾಯಿಸುತ್ತದೆ. ಕತ್ತಿ ಹಿಡಿದಿದ್ದವನು ಕತ್ತಿಯ ಕೆಳಗೆ ಬರುತ್ತಾನೆ. ಆಜ್ಞೆ ಕೊಟ್ಟ ಬಾಯಿ ಮಾತಿಲ್ಲದ ಬಾಯಿಯಾಗುತ್ತದೆ. ಬಲಿಯಾಗುವ ಪ್ರಾಣಿಗೆ ಏನನ್ನಿಸುತ್ತದೆ ಎಂದು ಅರಸನಿಗೆ ಉಪದೇಶ ಮಾಡಿದರೆ ತಲುಪದು. ಆ ಪ್ರಾಣಿಯಾಗಿ ಬದುಕಿ ಸತ್ತ ಇನ್ನೊಬ್ಬ ಅರಸನೇ ಎದುರಿಗೆ ನಿಂತು ಹೇಳಿದರೆ ತಲುಪುತ್ತದೆ.

ಕೊನೆಯಲ್ಲಿ ಇಬ್ಬರೂ ಕೋಳಿಗಳು. ಮುನಿಯ ಮಾತು ಕಿವಿಗೆ ಬಿದ್ದು ಹಿಂದಿನ ಜನ್ಮಗಳ ಅರಿವಾಗಿ ಸಂತೋಷದಿಂದ ಕೂಗುತ್ತವೆ. ದೂರದಲ್ಲಿದ್ದ ಯಶೋಮತಿ ಸದ್ದು ಬಂದ ಕಡೆಗೆ ಗುರಿಯಿಡುವ ತನ್ನ ವಿದ್ಯೆಯನ್ನು ರಾಣಿ ಕುಸುಮಾವಳಿಗೆ ತೋರಿಸಲು ಬಾಣ ಬಿಡುತ್ತಾನೆ. ಎರಡೂ ಸಾಯುತ್ತವೆ, ಅದೇ ರಾಣಿಯ ಬಸಿರಿನಲ್ಲಿ ಅವಳಿಗಳಾಗಿ ಹುಟ್ಟುತ್ತವೆ. ಅವರೇ ಅಭಯರುಚಿ ಮತ್ತು ಅಭಯಮತಿ.

ಮೊದಲಿಂದ ಕೊನೆಯವರೆಗೆ ಕಾವ್ಯವನ್ನು ನಡೆಸಿದ್ದು ದನಿ ಎಂಬುದು ಈಗ ಕಾಣುತ್ತದೆ. ಕತ್ತಲೆಯಲ್ಲಿ ಮಾವುತನ ಹಾಡು, ಕತ್ತಿ ತಾಗಿದಾಗ ಹಿಟ್ಟಿನ ಹುಂಜದ ಕೂಗು, ಅರಿವು ಮೂಡಿದಾಗ ನಿಜವಾದ ಕೋಳಿಗಳ ಕೂಗು, ಕತ್ತಿಯ ಮುಂದೆ ನಿಂತ ಹುಡುಗನ ಕಥೆ. ಮೊದಲ ದನಿ ಮನೆ ಮುರಿಯಿತು, ಎರಡನೆಯದು ಪಾಪವನ್ನು ಸಾರಿತು, ಮೂರನೆಯದು ಬಾಣವನ್ನು ಕರೆಯಿತು, ನಾಲ್ಕನೆಯದು ಕತ್ತಿಯನ್ನು ಇಳಿಸಿತು. ಮಾರಿದತ್ತ ಕೇಳಿಸಿಕೊಂಡ. ಬಲಿ ನಿಂತಿತು, ಅರಸ ವಿರಕ್ತನಾದ. ಯಶೋಧರನ ಕಥಾಪರಂಪರೆಯಲ್ಲಿ ಕುಸುಮಾವಳಿ ಮಾರಿದತ್ತನ ಒಡಹುಟ್ಟಿದವಳು. ಬಲಿಗೆಂದು ತಂದ ಮಕ್ಕಳು ಅವನ ಸೋದರಳಿಯ, ಸೋದರಸೊಸೆ. ಭಯ ಹುಟ್ಟಿಸುವವನಿಗೆ ತಾನು ಕೊಲ್ಲುವವರು ಯಾರದೋ ಮಕ್ಕಳು. ಕಥೆ ಅವರನ್ನು ಅವನ ಮನೆಯವರನ್ನಾಗಿ ಮಾಡಿತು.

ಸುಳ್ಳು ತಲೆ, ನಿಜವಾದ ಸಾವು

ಇಪ್ಪತ್ತೊಂದು ವರ್ಷಗಳ ಮೇಲೆ ಬರೆದ ‘ಅನಂತನಾಥ ಪುರಾಣ’ 14 ಆಶ್ವಾಸಗಳ ಚಂಪು. ತೀರ್ಥಂಕರನ ಚರಿತ್ರೆಯ ನಡುವೆ ಜನ್ನ ಒಂದು ಗೆಳೆತನದ ದುರಂತವನ್ನು ಇಟ್ಟಿದ್ದಾನೆ. ಪೋದನಪುರದ ಅರಸ ವಸುಷೇಣ, ರಾಣಿ ಸುನಂದೆ. ಗೆಳೆಯ ಚಂಡಶಾಸನ ಅತಿಥಿಯಾಗಿ ಬಂದವನು ಸುನಂದೆಯ ಮೇಲೆ ಮನಸ್ಸಿಟ್ಟು ಮೋಸದಿಂದ ಅಪಹರಿಸುತ್ತಾನೆ. ಬೇಡುತ್ತಾನೆ, ಬೆದರಿಸುತ್ತಾನೆ, ಅವಳು ಬಗ್ಗುವುದಿಲ್ಲ. ಗಂಡನ ಆಸೆ ಇರುವವರೆಗೆ ಇವಳು ಒಲಿಯಳೆಂದು, ವಸುಷೇಣನದೇ ಎಂಬಂಥ ಕೃತಕ ತಲೆಯೊಂದನ್ನು ಮಾಡಿಸಿ ತೋರಿಸುತ್ತಾನೆ. ಸುನಂದೆ ಅದನ್ನು ಕಂಡ ಕೂಡಲೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯನ್ನೇ ಏರುತ್ತಾನೆ.

ಬೆದರಿಕೆಯಿಂದ ಒಲವನ್ನು ಗೆಲ್ಲಲು ಹೊರಟವನ ಸೋಲನ್ನು ಇದಕ್ಕಿಂತ ಪೂರ್ತಿಯಾಗಿ ಹೇಳಲಾಗದು. ಆದರೂ ಆ ಚಿತೆಯ ಮೇಲೆ ಅವನ ಮೋಹ ನಿಜವೆಂದು ಜನ್ನ ಒಪ್ಪಿಕೊಳ್ಳುತ್ತಾನೆ. ವಸುಷೇಣ ವಿರಕ್ತನಾಗಿ ತಪಸ್ಸಿಗೆ ಹೋದರೂ ಸೇಡಿನ ಸಂಕಲ್ಪ ಬಿಡಲಿಲ್ಲ. ಮುಂದಿನ ಹುಟ್ಟಿನಲ್ಲಿ ಅವನು ಪುರುಷೋತ್ತಮ, ಚಂಡಶಾಸನ ಮಧುಕೈಟಭ. ಹಳೆಯ ಗೆಳೆಯರು ಯುದ್ಧಭೂಮಿಯಲ್ಲಿ ಎದುರಾಗುತ್ತಾರೆ. ಒಂದು ಅಂತಃಪುರದಲ್ಲಿ ಹೊತ್ತಿದ ಬೆಂಕಿ ಜನ್ಮ ದಾಟಿ ಎರಡು ಸೈನ್ಯಗಳನ್ನು ಸುಡುತ್ತದೆ. ಖಾಸಗಿಯಾದ ನೋವು ರಾಜ್ಯಗಳ ಯುದ್ಧವಾಗುವ ಬಗೆಯನ್ನು ಇಲ್ಲಿ ಪುನರ್ಜನ್ಮ ಬಿಡಿಸಿ ತೋರಿಸುತ್ತದೆ.

ಕುಮ್ಮಟದ ಕಡೆಯಿಂದ

ಜನ್ನನ ಕೃತಕ ತಲೆಯನ್ನು ಓದುವಾಗ ನಮ್ಮ ಭಾಗದವರಿಗೆ ಇನ್ನೊಂದು ತಲೆ ನೆನಪಾಗದೆ ಇರದು. ಗಂಗಾವತಿ ಸೀಮೆಯ ಜಬ್ಬಲಗುಡ್ಡದ ಬಳಿ ಕುಮ್ಮಟದುರ್ಗವಿದೆ. ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮನ ಕೋಟೆ ಅದು. ನಂಜುಂಡ ಕವಿ, ಪಾಂಚಾಳ ಗಂಗ ಮುಂತಾದವರು ಸಾಂಗತ್ಯದಲ್ಲಿ ಹಾಡಿದ ಕಥೆ. ಚೆಂಡನ್ನು ಹುಡುಕಿ ಬಂದ ರಾಮನನ್ನು ಕಿರಿಯ ಮಲತಾಯಿ ರತ್ನಾಜಿ ಬಯಸುತ್ತಾಳೆ. ಅವನು ಒಲ್ಲೆನೆಂದಾಗ ಸುಳ್ಳು ದೂರು ಹೇಳುತ್ತಾಳೆ. ತಂದೆ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಬೇರೆಯವನ ತಲೆಯನ್ನು ರಾಮನದೆಂದು ಒಪ್ಪಿಸುತ್ತಾನೆ. ಚಂಡಶಾಸನನ ಸುಳ್ಳು ತಲೆ ಒಂದು ಜೀವವನ್ನು ತೆಗೆಯಿತು, ಬೈಚಪ್ಪನ ಸುಳ್ಳು ತಲೆ ಒಂದು ಜೀವವನ್ನು ಉಳಿಸಿತು. ಕಥನದ ಉಪಾಯ ಒಂದೇ, ಅದನ್ನು ಹಿಡಿದ ಕೈಯ ಉದ್ದೇಶ ಬೇರೆ.

ಈ ಕಥೆಯ ಹಿಂದೆ ಇತಿಹಾಸವಿದೆ. ದೆಹಲಿಯ ಸುಲ್ತಾನ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲರಾಯನ ಮೊರೆಹೊಕ್ಕ. ರಾಯ ಮೊರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. 1327ರ ಹೊತ್ತಿಗೆ ರಾಜ್ಯ ನಾಶವಾಯಿತು, ಹೆಂಗಸರು ಬೆಂಕಿಗೆ ಬಿದ್ದರು, ರಾಯ ಕಾದು ಸತ್ತ. ಮುಂದೆ ಸಿಕ್ಕಿಬಿದ್ದ ಗುರ್ಶಾಸ್ಪ್‌ನ ಚರ್ಮ ಸುಲಿಸಿ, ಅದರಲ್ಲಿ ಹುಲ್ಲು ತುಂಬಿಸಿ ಊರೂರು ತೋರಿಸಲಾಯಿತೆಂದು ಇಬ್ನ್ ಬತೂತ ಬರೆದಿದ್ದಾನೆ. ಭಯವನ್ನು ಆಳ್ವಿಕೆಯ ಸಾಧನ ಮಾಡಿಕೊಂಡವರು ಯಾವ ಕಾಲದಲ್ಲೂ ನೆಚ್ಚುವುದು ಕಣ್ಣನ್ನು. ನೋಡಿ ಬೆದರಿರಿ ಎಂಬುದೇ ಅವರ ಮಾತು. ಇಂದಿನ ಭಯೋತ್ಪಾದಕ ಚಿತ್ರೀಕರಿಸಿ ಹರಡುವ ಕೊಲೆಗೂ ಅಂದಿನ ಹುಲ್ಲು ತುಂಬಿದ ಚರ್ಮಕ್ಕೂ ಉದ್ದೇಶ ಒಂದೇ. ಇದಕ್ಕೆ ಎದುರಾಗಿ ಇಲ್ಲಿನ ಜನ ಇಟ್ಟುಕೊಂಡದ್ದು ಹಾಡನ್ನು. ಸೋತು ಸತ್ತ ರಾಮ ಎರಡು ಶತಮಾನ ಕಳೆದ ಮೇಲೂ ಸಾಂಗತ್ಯವಾಗಿ ಕಿವಿಯಿಂದ ಕಿವಿಗೆ ನಡೆದ.

ಉಳಿದು ಬಂದ ಕಸುಬು

ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ಜನ್ಮಾಂತರಗಳನ್ನು ಬಿಟ್ಟರು. ಅರಸ, ರಾಣಿ, ತಾಯಿ, ಮಾವುತ ಈ ನಾಲ್ವರನ್ನೇ ಒಂದು ರಾತ್ರಿಯ ಬಿಗಿಯಲ್ಲಿ ಕೂಡಿಹಾಕಿ, ಮನಸ್ಸಿನಲ್ಲಿ ಮಾಡಿದ ಹಿಂಸೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. ಜನ್ಮಗಳನ್ನು ತೆಗೆದರೂ ಕಥೆ ಕುಸಿಯಲಿಲ್ಲ, ಏಕೆಂದರೆ ಜನ್ನ ಹಾಕಿದ ಅಡಿಗಲ್ಲು ಹಿಟ್ಟಿನ ಹುಂಜದ ಕೂಗು.

ಪ್ರೇಮ, ರಾಜಕಾರಣ, ಭಯ, ಪುನರ್ಜನ್ಮಗಳನ್ನು ಕೂಡಿಸಿ ಇಂದು ಬರೆಯಹೊರಟವರಿಗೆ ನಾನು ಹೇಳುವುದು ಇಷ್ಟು. ಓದುಗನನ್ನು ಯಾರ ಜಾಗದಲ್ಲಿ ಕೂರಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಭಯ ಹುಟ್ಟಿಸುವವನ ಪಕ್ಕದಲ್ಲಿ ಕೂರಿಸಿದರೆ ಓದುಗ ಬರಿಯ ನೋಡುಗನಾಗಿ ಉಳಿಯುತ್ತಾನೆ. ಕತ್ತಿಯ ಕೆಳಗೆ ಕೂರಿಸಿದರೆ ಕೇಳುಗನಾಗುತ್ತಾನೆ. ಜನ್ನ ಅರಸನಿಗೂ ಓದುಗನಿಗೂ ಒಂದೇ ಜಾಗ ಕೊಟ್ಟ, ಆ ಜಾಗದಿಂದ ಎದ್ದವರು ಕೂತಾಗ ಇದ್ದಂತೆ ಉಳಿಯಲಿಲ್ಲ.

ಮೊದಲ ಸಲ ಓದುವವರು ‘ಯಶೋಧರ ಚರಿತೆ’ಯಿಂದ ಶುರುಮಾಡಲಿ. ಅದು ಚಿಕ್ಕದು, ಹೊಸಗನ್ನಡದ ಗದ್ಯಾನುವಾದಗಳ ನೆರವೂ ಇದೆ. ಆದರೆ ಅರ್ಥ ತಿಳಿದ ಮೇಲೆ ಮೂಲದ ಕಂದಗಳನ್ನು ಒಮ್ಮೆ ಗಟ್ಟಿಯಾಗಿ ಓದಲೇಬೇಕು. ಮನೆಯಲ್ಲಿ ಇನ್ನೊಬ್ಬರು ಕೇಳುವಂತೆ ಓದಿದರೆ ಇನ್ನೂ ಒಳ್ಳೆಯದು. ದನಿಯಿಂದ ನಡೆಯುವ ಕಾವ್ಯವನ್ನು ಕಣ್ಣಿನಿಂದಷ್ಟೇ ಓದಿದವರಿಗೆ ಅದರ ಅರ್ಧ ಮಾತ್ರ ಸಿಕ್ಕಿರುತ್ತದೆ.